ಪೆನ್ಸಿಲ್ ಮುಟ್ಟದ ಮುಖ

ನಮ್ಮ ಓಣಿಯಲ್ಲಿ ಹೊಸದಾಗಿ ಸ್ಟುಡಿಯೋ ತೆರೆದವರೊಬ್ಬರು ಹೋದ ವಾರ ತಮ್ಮ ಹೊಸ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ತಂದು ನನ್ನ ಕೈಗೆ ಕೊಟ್ಟರು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮುದುಕನಿಗೆ ತೋರಿಸಬೇಕು ಅಂತ ಅನಿಸಿತಲ್ಲ, ಅದೇ ದೊಡ್ಡದು. ಹಿಡಿತ ಚೆನ್ನಾಗಿದೆ, ತೂಕ ಹದವಾಗಿದೆ, ಬೆನ್ನ ಮೇಲಿನ ಪರದೆಯಲ್ಲಿ ಚಿತ್ರ ಆಗಿಂದಾಗಲೇ ಕಾಣುತ್ತದೆ. ಎಲ್ಲಾ ಸರಿ. ಆಮೇಲೆ ಅವರು ನನ್ನದೇ ಒಂದು ಫೋಟೋ ತೆಗೆದು, ಕಂಪ್ಯೂಟರಿಗೆ ಹಾಕಿ, ಕೆನ್ನೆಯ ಮಚ್ಚೆ, ಕಣ್ಣ ಕೆಳಗಿನ ಜೋಲು, ಹಣೆಯ ಗೆರೆ ಎಲ್ಲಾ ತೆಗೆದುಹಾಕಿ, "ನೋಡ್ರಿ ಕಾಕಾ, ಹೆಂಗ ಹುಡುಗ ಆದ್ರಿ" ಅಂದರು. ನನಗೆ ನಗು ಬರಲಿಲ್ಲ. ನಾನು ಸಿಡುಕ ಅಂತ ಊರೆಲ್ಲ ಗೊತ್ತು, ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅದನ್ನೇ ಈಗ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಓದಿದರೆ ಸಾಕು.

ಎಪ್ಪತ್ತರ ದಶಕದ ಮೊದಲಿಗೆ ನಾನು ಆಂಧ್ರ ಗಡಿಯ ಆದೋನಿಯಲ್ಲಿ ಶೇಷಗಿರಿ ಮಾಸ್ತರ ಸ್ಟುಡಿಯೋ ಸೇರಿದೆ. ಮಾಸ್ತರು ಅಂದರೆ ಶಾಲೆಯ ಮಾಸ್ತರಲ್ಲ, ಕೆಲಸ ಕಲಿಸಿದವರನ್ನು ನಾವು ಹಾಗೆ ಕರೆಯುತ್ತಿದ್ದೆವು. ಪಂಚೆ, ಹಣೆಗೆ ಅಂಗಾರ ಅಕ್ಷತೆ, ಗುರುವಾರ ಬಂತೆಂದರೆ ಮಂತ್ರಾಲಯದ ಬಸ್ಸು. ಅಂಥ ಮನುಷ್ಯ. ನಮ್ಮಪ್ಪ ತಾಲೂಕು ಕಚೇರಿಯ ಗುಮಾಸ್ತರು. ಮಗ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕುವ ಕೆಲಸಕ್ಕೆ ಹೋದ ಅಂತ ವರ್ಷಗಟ್ಟಲೆ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಮಾಸ್ತರು ಬೈದರೆ ಬೈಸಿಕೊಂಡು, ಮನೆಗೆ ಬಂದರೆ ಮುಖ ತಿರುಗಿಸಿಕೊಂಡ ಅಪ್ಪನನ್ನು ನೋಡಿಕೊಂಡು, ಹಾಗೇ ಕೆಲಸ ಕಲಿತೆ.

ಸ್ಟುಡಿಯೋದಲ್ಲಿ ಮೂರು ಕಾಲಿನ ಮೇಲೆ ನಿಂತ ದೊಡ್ಡ ಮರದ ಕ್ಯಾಮೆರಾ ಇತ್ತು. ಅದರಲ್ಲಿ ಬೀಳುವ ನೆಗೆಟಿವ್ ಅಂಗೈಗಿಂತ ದೊಡ್ಡದು. ಮಾಸ್ತರ ಹೆಸರು ಆ ಕ್ಯಾಮೆರಾದಿಂದ ಬಂದದ್ದಲ್ಲ, ಅವರ ಪೆನ್ಸಿಲಿನಿಂದ ಬಂದದ್ದು. ಕಿಟಕಿಯ ಪಕ್ಕ ಇಳಿಜಾರಾದ ಒಂದು ಮೇಜು, ಅದರ ಮಧ್ಯೆ ಗಾಜು, ಕೆಳಗೆ ಬೆಳಕು ಹೊಡೆಯಲು ಒಂದು ಕನ್ನಡಿ. ಆ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಮರಳುಕಾಗದಕ್ಕೆ ತಿಕ್ಕಿ ಸೂಜಿಯಂತೆ ಮಾಡಿದ ಪೆನ್ಸಿಲಿನಿಂದ ಮುಖದ ಮೇಲೆ ಕಾಣದಷ್ಟು ಸಣ್ಣ ಚುಕ್ಕೆ ಇಡುತ್ತಾ ಹೋಗುವರು. ಚುಕ್ಕೆ ಇಟ್ಟ ಜಾಗ ಕಾಗದದ ಮೇಲೆ ಬೆಳ್ಳಗೆ ಮೂಡುತ್ತದೆ. ಮೊಡವೆ, ಗಾಯ, ಸುಟ್ಟ ಕಲೆ, ಸಿಡುಬಿನ ಕುಳಿ, ಎಲ್ಲಾ ಮಾಯ. ಮೈಬಣ್ಣವನ್ನೂ ಒಂದು ಕೈ ಮೇಲೆತ್ತುತ್ತಿದ್ದರು. "ಫೋಟೋ ಬಾಗಾ ರಾವಾಲಿ ಸಾರ್" ಅಂತ ತೆಲುಗಿನವರು, "ಚೆಂದ ಬರಬೇಕ್ರಿ ಮಾಸ್ತರ" ಅಂತ ನಮ್ಮವರು. ಇಬ್ಬರಿಗೂ ಮಾಸ್ತರ ಉತ್ತರ ಒಂದೇ, ಸುಮ್ಮನೆ ತಲೆ ಆಡಿಸುವುದು.

ಆ ಕಾಲಕ್ಕೆ ಹೆಣ್ಣು ನೋಡುವ ಮೊದಲು ಹೆಣ್ಣಿನ ಫೋಟೋ ಓಡಾಡುತ್ತಿತ್ತು. ಕೌತಾಳಂ, ಪೆದ್ದಹರಿವಾಣಂ, ಸುತ್ತಮುತ್ತಲ ಎಲ್ಲಾ ಹಳ್ಳಿಯಿಂದ ಹೆಣ್ಣುಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ಫೋಟೋದ ಬೆನ್ನಿಗೆ ನಮ್ಮ ಸ್ಟುಡಿಯೋದ ಮುದ್ರೆ ಇದ್ದರೆ ಗಂಡಿನ ಮನೆಯವರು ಬಂದೇ ಬರುತ್ತಾರೆ ಅಂತ ಒಂದು ನಂಬಿಕೆ. ಬರುತ್ತಿದ್ದರು, ಖರೆ. ಬಂದ ಮೇಲೆ ಏನಾಗುತ್ತಿತ್ತು ಅನ್ನುವುದು ನಮ್ಮ ಅಂಗಡಿಯವರೆಗೆ ಬರುತ್ತಿರಲಿಲ್ಲ. ನಾವು ಕೇಳುತ್ತಲೂ ಇರಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಹತ್ತಿ ವ್ಯಾಪಾರಿಗಳ ಮನೆಯ ಮದುವೆಗಳಲ್ಲಿ ಬಣ್ಣದ ಫೋಟೋ ಬೇಕು, ಓಡಾಡಿ ತೆಗೆಯಬೇಕು ಅಂತ ಶುರುವಾಯಿತು. ಮೂರು ಕಾಲಿನ ಕ್ಯಾಮೆರಾ ಹೊತ್ತು ಓಡಾಡುವುದು ಹೇಗೆ? ಮಾಸ್ತರು ಗೊಣಗುತ್ತಲೇ ಮದ್ರಾಸಿನಿಂದ ಒಂದು ಜಪಾನಿನ ಎಸ್‌ಎಲ್‌ಆರ್ ತರಿಸಿದರು. ಪೆಟ್ಟಿಗೆ ಬಿಚ್ಚಿದವನು ನಾನು. ಕಪ್ಪು ಚರ್ಮ, ಬೆಳ್ಳಿಯ ತಲೆ. ಕೈಗೆ ತಣ್ಣಗೆ ಹತ್ತಿತು. ಕಣ್ಣಿಟ್ಟು ನೋಡಿದರೆ ಲೆನ್ಸಿಗೆ ಏನು ಕಾಣುತ್ತದೋ ಅದೇ ನನಗೂ ಕಾಣುತ್ತದೆ. ಬದಿಯಲ್ಲಿ ಒಂದು ಸಣ್ಣ ಮುಳ್ಳು, ಬೆಳಕು ಸಾಕಾದರೆ ನಡುವೆ ಬಂದು ನಿಲ್ಲುತ್ತದೆ. ಬೆಳಕನ್ನು ಕಣ್ಣಂದಾಜಿನಲ್ಲಿ ಅಳೆಯಲು ವರ್ಷಗಟ್ಟಲೆ ಒದ್ದಾಡಿದ್ದೆ. ಈ ಮುಳ್ಳು ನೋಡಿ ಹೊಟ್ಟೆ ಉರಿಯಿತು. ಬಟನ್ ಒತ್ತಿದರೆ ಒಳಗಿನ ಕನ್ನಡಿ ಟಪ್ ಅಂತ ಮೇಲೆದ್ದು ಒಂದು ಕ್ಷಣ ಎಲ್ಲಾ ಕತ್ತಲು. ತೆಗೆಯುವ ಆ ಒಂದು ಗಳಿಗೆಯನ್ನು ಮಾತ್ರ ತೆಗೆಯುವವನು ನೋಡುವಂತಿಲ್ಲ. ಇದು ನನ್ನನ್ನು ಎಷ್ಟೋ ದಿನ ಕಾಡಿತು.

ಮೊದಲ ರೀಲು ಹಾಕಿಕೊಂಡು ಹತ್ತಿ ಮಾರುಕಟ್ಟೆಗೆ ಹೋಗಿ ಎತ್ತಿನ ಬಂಡಿ, ಹತ್ತಿ ಚೀಲ, ಹಮಾಲರು, ಕಂಡದ್ದೆಲ್ಲಾ ಹೊಡೆದುಕೊಂಡು ಬಂದೆ. ತೊಳೆದು ನೋಡಿದರೆ ರೀಲು ಪೂರಾ ಖಾಲಿ. ಫಿಲ್ಮಿನ ತುದಿ ಅದನ್ನು ಎಳೆಯುವ ಚಕ್ರದ ಹಲ್ಲಿಗೆ ಸಿಕ್ಕಿರಲೇ ಇಲ್ಲ. ಮಾಸ್ತರು ಅದನ್ನು ಬೆಳಕಿಗೆ ಹಿಡಿದು, "ಆಹಾ, ಮಾರ್ಕೆಟ್ಟಿನಾಗ ಇವತ್ತು ಒಬ್ಬರೂ ಇದ್ದಿಲ್ಲೇನೋ ಹನುಮೇಶ" ಅಂದರು. ಆ ಕ್ಯಾಮೆರಾ ಬಂದ ಮೇಲೆ ಅವರು ನಕ್ಕದ್ದು ಅದೊಂದೇ ಸಲ.

ಅವರಿಗೆ ಅದರ ಮೇಲೆ ಸಿಟ್ಟಿತ್ತು. ನೆಗೆಟಿವ್ ಅಂಚೆ ಚೀಟಿಯಷ್ಟು, ಅದರಲ್ಲಿ ಮುಖ ಹೆಸರುಕಾಳಿನಷ್ಟು. ಪೆನ್ಸಿಲ್ ಇಡಲು ಜಾಗವೇ ಇಲ್ಲ. ಆ ಕ್ಯಾಮೆರಾವನ್ನು ಅವರು ಕೈಯಿಂದಲೂ ಮುಟ್ಟುತ್ತಿರಲಿಲ್ಲ. ಮದುವೆಗೆ ನಾನೇ ಒಯ್ಯಬೇಕು, ನಾನೇ ತರಬೇಕು. ನನಗೆ ಒಳಗೊಳಗೇ ಖುಷಿ.

ಹೀಗಿರುವಾಗ ಒಂದು ಬೆಳಿಗ್ಗೆ ಪೆದ್ದಹರಿವಾಣಂನ ಪಂಪನಗೌಡರು ಮಗಳು ನೀಲಮ್ಮನನ್ನು ಕರೆದುಕೊಂಡು ಬಂದರು. ಹೊಲಮನೆ ಇದ್ದ ಮನೆತನ, ಊರಲ್ಲಿ ಮರ್ಯಾದೆ ಇದ್ದವರು. ನೀಲಮ್ಮನಿಗೆ ಚಿಕ್ಕಂದಿನಲ್ಲಿ ಸಿಡುಬು ಎದ್ದು ಕೆನ್ನೆ, ಹಣೆ, ಮೂಗಿನ ತುದಿ ಎಲ್ಲಾ ಕಡೆ ಕುಳಿ ಉಳಿದಿದ್ದವು. ಎರಡು ವರ್ಷದ ಹಿಂದೆ ದೊಡ್ಡ ಕ್ಯಾಮೆರಾದಲ್ಲಿ ಆಕೆಯ ಫೋಟೋ ತೆಗೆದಿದ್ದೆವು. ಮಾಸ್ತರು ದಿನಗಟ್ಟಲೆ ಕೂತು ಆ ಮುಖ ನುಣ್ಣಗೆ ಮಾಡಿದ್ದರು. ತಮ್ಮ ಕೈಯಿಂದ ಆದ ಒಳ್ಳೆ ಕೆಲಸಗಳಲ್ಲಿ ಅದೂ ಒಂದು ಅಂತ ಅವರೇ ಹೇಳುತ್ತಿದ್ದರು.

"ಆ ಫೋಟೋ ಹಳೇದಾತು ಮಾಸ್ತರ" ಅಂದರು ಗೌಡರು. "ಇನ್ನೊಂದು ತೆಗೀರಿ. ಮೊದಲಿನಕಿಂತ ಚೆಂದ ಬರಬೇಕು." ಅಷ್ಟು ಹೇಳಿ ಅವರ ಕಣ್ಣು ನನ್ನ ಕೈಯಲ್ಲಿದ್ದ ಹೊಸ ಕ್ಯಾಮೆರಾದ ಮೇಲೆ ಬಿತ್ತು. "ಇದೇನು, ಹೊಸಾದು? ಇದರಾಗ ತೆಗೆದ್ರ ಇನ್ನ ಚಲೋ ಬರತೈತೇನು?"

ಮಾಸ್ತರಿಗೆ ಅಷ್ಟೇ ಸಾಕಾಯಿತು. "ಅದರ ಸುದ್ದಿ ತೆಗೀಬ್ಯಾಡ್ರಿ ಗೌಡ್ರ. ಅದರಾಗ ತೆಗೆದ್ರ ನನ್ನ ಪೆನ್ಸಿಲ್ ನಡಿಯಂಗಿಲ್ಲ. ದೇವರು ಹೆಂಗ ಮಾಡ್ಯಾನ, ಮಾರಿ ಹಂಗ ಬರತೈತಿ."

ಬೆಂಚಿನ ಮೇಲೆ ಕೂತಿದ್ದ ನೀಲಮ್ಮ ತಲೆ ಎತ್ತಿದಳು. "ಹಂಗಾರ ನಂದು ಅದರಾಗ ತೆಗೀರಿ."

"ಸುಮ್ನಿರ ನೀಲಾ" ಅಂದರು ಗೌಡರು.

"ಸುಮ್ನಿದ್ದು ಇದ್ದು ಸಾಕಾಗೈತೆಪ್ಪ." ಆಕೆ ದನಿ ಏರಿಸಲಿಲ್ಲ. ಮಾಸ್ತರ ಕಡೆ ತಿರುಗಿದಳು. "ಮಾಸ್ತರ, ನಿಮಗೊಂದು ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ. ಹೋದ ಸಲ ಸಿರುಗುಪ್ಪದ ಕಡಿಯವರು ನೋಡಾಕ ಬಂದಿದ್ರು. ನಾ ಅವಲಕ್ಕಿ ತಾಟು ತಂದು ಎಲ್ಲಾರ ಮುಂದ ಇಟ್ಟೆ. ನಮಸ್ಕಾರ ಮಾಡಿ ನಿಂತೆ. ಹುಡುಗನ ತಾಯಿ ನನ್ನ ದಾಟಿ ಬಾಗಲ ಕಡೆ ನೋಡಿ, 'ಹುಡುಗೀನ ಜಲ್ದಿ ಕರೀರಿ, ಬಸ್ಸಿಗೆ ಹೊತ್ತಾಗತೈತಿ' ಅಂದ್ಲು. ನಾ ಅಲ್ಲೇ ನಿಂತಿದ್ದೆರಿ."

ರಸ್ತೆಯಲ್ಲಿ ಹೋಗುವ ಬಂಡಿಯ ಸದ್ದು ಒಳಗೆ ಕೇಳುತ್ತಿತ್ತು.

"ಈಕೀನ ಹುಡುಗಿ ಅಂತ ಒಬ್ಬರೂ ಹೇಳಲಿಲ್ಲ. ನಮ್ಮಪ್ಪನೂ ಹೇಳಲಿಲ್ಲ, ನಮ್ಮವ್ವನೂ ಹೇಳಲಿಲ್ಲ. ನಾನ ಹೇಳಬೇಕಾತು. ಆಗ ಅವರು ಫೋಟೋ ನೋಡಿದ್ರು, ನನ್ನ ನೋಡಿದ್ರು, ಮತ್ತ ಫೋಟೋ ನೋಡಿದ್ರು. ಇನ್ನೊಂದ್ಸಲ ನಾ ಹಂಗ ನಿಂದ್ರಂಗಿಲ್ರಿ. ಬರೋರು ನನ್ನ ನೋಡಿ ಬರಲಿ. ಬ್ಯಾಡಂದ್ರ ಅಲ್ಲೇ ಬ್ಯಾಡ ಅನ್ನಲಿ."

ಗೌಡರು ತಲೆ ತಗ್ಗಿಸಿ ಕೂತುಬಿಟ್ಟರು. ಆಮೇಲೆ, "ಎರಡೂ ತೆಗೀರಿ ಮಾಸ್ತರ. ದೊಡ್ಡದರಾಗೊಂದು, ಇದರಾಗೊಂದು" ಅಂದರು.

"ದೊಡ್ಡದರಾಗ ನಾ ತೆಗಿಯಂಗಿಲ್ಲ ಗೌಡ್ರ" ಅಂದರು ಮಾಸ್ತರು. ಅಷ್ಟು ಹೇಳಿ ಒಳಗಿನ ಕತ್ತಲೆ ಕೋಣೆಗೆ ಹೋದವರು, ಗೌಡರು ಊರಿಗೆ ಹೋಗುವವರೆಗೂ ಹೊರಗೆ ಬರಲಿಲ್ಲ.

ನಾನು ನೀಲಮ್ಮನನ್ನು ಬಾಗಿಲ ಹತ್ತಿರ ಬೆಳಕಿಗೆ ಕೂರಿಸಿದೆ. ಅಲ್ಲಿಯವರೆಗೆ ಎಷ್ಟೋ ಹೆಣ್ಣುಮಕ್ಕಳ ಫೋಟೋ ತೆಗೆದಿದ್ದೆ. ಎಲ್ಲರಿಗೂ ಹೇಳುವುದು ಒಂದೇ, ಕತ್ತು ಆ ಕಡೆ, ಕಣ್ಣು ಈ ಕಡೆ, ಚೂರು ನಗು. ಈಕೆಗೆ ಏನೂ ಹೇಳಲಿಲ್ಲ. ಕಣ್ಣಿಟ್ಟು ನೋಡಿದರೆ ಆ ಮುಖ ಎದುರಿಗೆ ಬಂದು ನಿಂತಿತು. ಕುಳಿಗಳು ಇದ್ದವು, ಇಲ್ಲ ಅನ್ನುವುದಿಲ್ಲ. ಅವುಗಳ ನಡುವೆ ಹೆದರದ ಎರಡು ಕಣ್ಣು ಇದ್ದವು. ಪೆನ್ಸಿಲ್ ಆಡಿಸಿದ ಫೋಟೋದಲ್ಲೂ ಆ ಕಣ್ಣು ಇದ್ದವೋ ಇಲ್ಲವೋ, ನಾನು ಯಾವತ್ತೂ ನೋಡಿರಲಿಲ್ಲ. ಬಟನ್ ಒತ್ತಿದೆ.

ಪ್ರಿಂಟು ಚೆನ್ನಾಗಿ ಬಂತು. ಎಂದಿನಂತೆ ಬೆನ್ನಿಗೆ ನಮ್ಮ ಮುದ್ರೆ ಒತ್ತಿ ಕೊಟ್ಟೆವು. ಆ ಮುದ್ರೆಯೇ ಕೆಟ್ಟದ್ದು ಮಾಡುತ್ತದೆ ಅಂತ ಯಾರಿಗೆ ಹೊಳೆಯಬೇಕು? ಮಾಸ್ತರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮುಂಗಾರು ಬಿತ್ತನೆ ಮುಗಿದ ಮೇಲೆ ಗೌಡರು ಒಬ್ಬರೇ ಬಂದರು. ಚಪ್ಪಲಿ ಸಹ ಬಿಡದೆ ಒಳಗೆ ಬಂದು ಫೋಟೋವನ್ನು ಮೇಜಿನ ಮೇಲೆ ಎಸೆದರು. "ತಗೋರಿ. ನಿಮ್ಮಿಂದ ನನ್ನ ಮಗಳ ಬಾಳು ಹಾಳಾತು."

"ಏನಾತು ಗೌಡ್ರ" ಅಂತ ಮಾಸ್ತರು ಎದ್ದರು.

"ಏನಾತು? ಮೊದಲು ಬಂದು, ಕುಂತು, ಅವಲಕ್ಕಿ ತಿಂದಾದ್ರೂ ಹೋಗತಿದ್ರು. ಈಗ ಯಾರೂ ನಮ್ಮ ಮೆಟ್ಟಲ ಸುದ್ದಾ ಹತ್ತಂಗಿಲ್ಲ. ಫೋಟೋ ತಿರುವಿ ನಿಮ್ಮ ಮುದ್ರಿ ನೋಡತಾರ. ನೋಡಿ ಏನಂತಾರ ಗೊತ್ತೈತೇನು? ಶೇಷಗಿರಿ ಮಾಸ್ತರ ತಿದ್ದಿದ ಮ್ಯಾಲೂ ಇಷ್ಟು ಕಲಿ ಅದಾವಂದ್ರ, ಖರೇ ಮಾರಿ ಇನ್ನ ಹೆಂಗಿರಬೇಕು ಅಂತಾರ. ನನ್ನ ಮಗಳಿಗೆ ಮಾರೀನ ಇಲ್ಲಂತ ಮಾಡಿಬಿಟ್ರಿ."

ಮಾಸ್ತರು ಹಾಗೇ ಕೂತರು. ನಾನು ಏನೋ ಹೇಳಲು ಹೋದೆ, ಗೌಡರು ಕೈ ಎತ್ತಿ ತಡೆದರು. "ಆಕಿ ಈಗ ಯಾರ ಮುಂದೂ ಬರವಲ್ಲಳು. 'ಅಪ್ಪ, ಇನ್ನ ಸಾಕು ಬಿಡು' ಅಂತಾಳ. ಹೊಲಕ್ಕ ಹೋಗತಾಳ, ಬರತಾಳ. ಅಷ್ಟ." ಅಷ್ಟು ಹೇಳಿ ಆ ಮನುಷ್ಯ ನಮ್ಮೆದುರಿಗೇ ಕಣ್ಣೊರೆಸಿಕೊಂಡರು.

ಅವರು ಹೋದ ಮೇಲೆ ಮಾಸ್ತರು ಅವತ್ತು ಪೆನ್ಸಿಲ್ ಹಿಡಿಯಲಿಲ್ಲ. ಆ ಫೋಟೋ ಎತ್ತಿ ಮೇಜಿನ ಖಾನೆಯಲ್ಲಿ ಇಟ್ಟರು. ಎಷ್ಟು ಮುಖ ತಿದ್ದಿದ್ದರೋ, ಆ ಮುಖದ ಮನೆಯವರೆಲ್ಲಾ ಹೊಗಳಿದ್ದರು. ಈಗ ಒಂದು ಮುಖವನ್ನು ಇದ್ದಂತೆ ಬಿಟ್ಟರೆ ಊರು ನಂಬಲಿಲ್ಲ. ನನಗೆ ಅವರ ಮೇಲೆ ಕನಿಕರ ಬಂತು. ಅದಕ್ಕಿಂತ ಜಾಸ್ತಿ ನೀಲಮ್ಮನ ಮೇಲೆ. ಇದ್ದದ್ದು ಇದ್ದಂಗೆ ತೋರಿಸಿ ಅಂತ ಕೇಳಿದ್ದೊಂದೇ ಆಕೆ ಮಾಡಿದ್ದು.

ಹತ್ತಿ ಮಾರುಕಟ್ಟೆಗೆ ಬರುವ ಕಾಲ ಶುರುವಾಯಿತು. ಒಂದು ಮಧ್ಯಾಹ್ನ ಕೌತಾಳಂನವರೊಬ್ಬರು ಹತ್ತಿ ಮಾರಿಬಂದವರು ಅಂಗಡಿಗೆ ಕಾಲಿಟ್ಟರು. ಚನ್ನಬಸಪ್ಪ ಅಂತ ಹೆಸರು ಹೇಳಿಕೊಂಡರು. ತಮ್ಮ ಅಕ್ಕನ ಸಣ್ಣ ಮಗನಿಗೆ ಹೆಣ್ಣು ನೋಡುತ್ತಿದ್ದರು. ಜೇಬಿನಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಅದು ನೀಲಮ್ಮನ ಫೋಟೋ, ಹೊಸ ಕ್ಯಾಮೆರಾದ್ದು, ಗೌಡರು ಮೊದಲೇ ನೆಂಟರ ಕೈಗೆ ಕೊಟ್ಟಿದ್ದ ಇನ್ನೊಂದು ಪ್ರತಿ.

"ಮನಿತನ ಚಲೋ ಐತಂತ, ಹುಡುಗಿ ಗುಣಾ ಚಲೋ ಐತಂತ. ನಮ್ಮ ಹುಡುಗಗೂ ಈ ಕಣ್ಣು ಮನಸಿಗೆ ಬಂದಾವ. ಆದ್ರ ನಮ್ಮಕ್ಕ ಅಂಜತಾಳ. ನೀವು ಮಂತ್ರಾಲಯಕ್ಕ ಹೋಗಿ ಬರಾವ್ರು, ಸುಳ್ಳ ಹೇಳಂಗಿಲ್ಲ ಅಂತ ನಂಬಿ ಬಂದೀನಿ. ಇದನ್ನ ಎಷ್ಟು ತಿದ್ದೀರಿ, ಅಷ್ಟ ಹೇಳ್ರಿ ಮಾಸ್ತರ."

ಮಾಸ್ತರಿಗೆ ಇಲ್ಲಿ ಒಂದು ಸಂಕಟವಿತ್ತು. ನಾವು ತಿದ್ದುತ್ತೇವೆ ಅಂತ ಊರಿಗೆಲ್ಲಾ ಗೊತ್ತು. ಆದರೆ ಇಂಥವರ ಫೋಟೋ ತಿದ್ದಿದ್ದೇವೆ ಅಂತ ಅಂಗಡಿಯಲ್ಲಿ ಕೂತು ಬಾಯಿಬಿಟ್ಟು ಹೇಳುವುದು ನಮ್ಮ ಕೆಲಸದಲ್ಲಿ ಇಲ್ಲವೇ ಇಲ್ಲ. ಹೇಳಿದರೆ ಮಾರನೆ ದಿನದಿಂದ ಯಾವ ಹೆಣ್ಣಿನ ತಂದೆಯೂ ಬಾಗಿಲಿಗೆ ಬರುವುದಿಲ್ಲ. ಅವರು ಒಂದೇ ಮಾತಲ್ಲಿ "ತಿದ್ದಿಲ್ರಿ" ಅನ್ನಬಹುದಿತ್ತು. ಅಂದಿದ್ದರೆ ಚನ್ನಬಸಪ್ಪ ನಂಬುತ್ತಿರಲಿಲ್ಲ.

ಮಾಸ್ತರು ಎದ್ದು ಬೀರು ತೆಗೆದರು. ನೀಲಮ್ಮನ ಹಳೆಯ ದೊಡ್ಡ ನೆಗೆಟಿವ್ ತಂದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. "ಇಲ್ಲಿ ನೋಡ್ರಿ. ಕೆನ್ನಿ ಮ್ಯಾಲೆ ಮಿಂಚತೈತಲ್ಲ, ಅದು ನನ್ನ ಪೆನ್ಸಿಲ್ಲಿನ ಪುಡಿ. ಇದು ಹುಡುಗಿ ಅಲ್ಲ, ಇದು ನಾನು." ಆಮೇಲೆ ಹೊಸ ಕ್ಯಾಮೆರಾದ ಫಿಲ್ಮ್ ಪಟ್ಟಿ ತಂದು ಹಾಗೇ ಹಿಡಿದರು. "ಇದರಾಗ ನೋಡ್ರಿ. ಎಲ್ಲೆರ ಮಿಂಚತೈತೇನು? ಹೆಸರುಕಾಳಿನಷ್ಟು ಮಾರಿ, ಪೆನ್ಸಿಲ್ ಮುಟ್ಟಿಲ್ಲ, ಮುಟ್ಟಾಕ ಬರಂಗೂ ಇಲ್ಲ. ಹುಡುಗಿ ಹಿಂಗ ಅದಾಳ. ಒಂದು ಕಲಿ ಹೆಚ್ಚಿಲ್ಲ, ಒಂದು ಕಲಿ ಕಡಿಮಿ ಇಲ್ಲ."

ಚನ್ನಬಸಪ್ಪ ಎರಡನ್ನೂ ಬಹಳ ಹೊತ್ತು ತಿರುವಿ ತಿರುವಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ನಮ್ಮಕ್ಕನ ಹಿರೇ ಸೊಸಿ ಫೋಟೋನೂ ನೀವ ತೆಗೆದದ್ದು. ಈರಮ್ಮ ಅಂತ. ಆಕಿದೂ ಹಿಂಗ ಏನ್ರಿ?"

ಮಾಸ್ತರು ಕಣ್ಣು ಮುಚ್ಚಿ ತೆರೆದರು. "ಹೌದ್ರಿ. ಆಕಿ ಹುಬ್ಬಿನ ಮ್ಯಾಲೆ ಸುಟ್ಟ ಕಲಿ ಇತ್ತು. ನಾನ ಮುಚ್ಚಿದ್ದೆ."

"ಈಗ್ಲೂ ಐತ್ರಿ." ಚನ್ನಬಸಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ. "ಲಗ್ನದ ದಿನಾನ ನಮ್ಮಕ್ಕಗ ಕಂಡಿದ್ದು. ವರ್ಷಗಟ್ಟಲೆ ಆಕಿ ಕೈಯಾಗಿನ ನೀರು ಕುಡೀಲಿಲ್ಲ. ಮೋಸ ಮಾಡಿ ಬಂದಾಳ ಅಂತ. ಆ ಹುಡುಗಿ ಏನು ಮೋಸ ಮಾಡಿದ್ಲು ಪಾಪ." ಫೋಟೋ ಜೇಬಿಗಿಟ್ಟುಕೊಂಡು ಎದ್ದರು. ಬಾಗಿಲಲ್ಲಿ ನಿಂತು, "ನೀವು ಹೇಳಿದ್ದು ಚಲೋ ಆತು ಮಾಸ್ತರ. ಆದ್ರ ಮೊದಲ ಹೇಳಬೇಕಿತ್ತು" ಅಂದು ಹೋದರು.

ಮಾಸ್ತರು ಬಾಯಿಬಿಟ್ಟದ್ದನ್ನು ಚನ್ನಬಸಪ್ಪನವರು ಕೆಟ್ಟ ಮನಸ್ಸಿನಿಂದ ಹೇಳಿಕೊಂಡು ತಿರುಗಿದರು ಅಂತಲ್ಲ, ಆದರೆ ಮಾರುಕಟ್ಟೆಯಲ್ಲಿ ಕೂತು ಆಡಿದ ಮಾತು ಎಲ್ಲಿಗೆ ಹೋಗುವುದಿಲ್ಲ? ಹಬ್ಬ ಬರುವಷ್ಟರಲ್ಲಿ ಹೆಣ್ಣುಮಕ್ಕಳ ಫೋಟೋಕ್ಕೆ ಬರುವವರು ಬೇರೆ ಸ್ಟುಡಿಯೋ ಹುಡುಕಿಕೊಂಡಿದ್ದರು. ಅಲ್ಲೂ ಪೆನ್ಸಿಲ್ ಇತ್ತು, ಅವರು ಬಾಯಿ ಬಿಡುತ್ತಿರಲಿಲ್ಲ, ಅಷ್ಟೇ. ನಮಗೆ ಉಳಿದದ್ದು ಮದುವೆ ಕೆಲಸ, ಹೊಸ ಕ್ಯಾಮೆರಾ. ಮಾಸ್ತರು ಮರಳುಕಾಗದ, ಪೆನ್ಸಿಲ್ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕಿಸಿದರು. ಬೇಸರವಾಯಿತಾ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಬೈಯುತ್ತಿದ್ದರು.

ಚನ್ನಬಸಪ್ಪನವರು ಹೋದ ಮೇಲೆ ನಡೆದದ್ದು ನಮಗೆ ಗೌಡರಿಂದ ಗೊತ್ತಾಯಿತು. ಲಗ್ನಪತ್ರಿಕೆ ಹಿಡಿದುಕೊಂಡು ಬಂದಿದ್ದರು, ಈ ಸಲ ಚಪ್ಪಲಿ ಹೊರಗೆ ಬಿಟ್ಟು. ಕೌತಾಳಂನವರು ನೋಡಲು ಬಂದಾಗ ಹಿರೇ ಸೊಸೆ ಈರಮ್ಮನೂ ಬಂದಿದ್ದಳಂತೆ. ನೀಲಮ್ಮ ತಾಟು ಹಿಡಿದು ಹೊಸ್ತಿಲಲ್ಲಿ ನಿಂತು ಮುಂದೆ ಬರಲು ಹಿಂಜರಿದಾಗ ಈರಮ್ಮನೇ ಎದ್ದು ಹೋಗಿ ತಾಟು ಇಸಿದುಕೊಂಡು, "ಅತ್ತಿ, ನೋಡ್ರಿ, ಫೋಟೋದಾಗ ಹೆಂಗದಾಳ ಹಂಗ ಅದಾಳ" ಅಂತ ಕೈ ಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಳಂತೆ. ಹುಡುಗನ ತಾಯಿ ಒಮ್ಮೆ ನೀಲಮ್ಮನನ್ನು, ಒಮ್ಮೆ ತಮ್ಮ ಸೊಸೆಯನ್ನು ನೋಡಿ, ಈರಮ್ಮನ ಕೈಯಲ್ಲಿದ್ದ ತಾಟಿನಿಂದ ಮೊದಲ ತುತ್ತು ಅವಲಕ್ಕಿ ಬಾಯಿಗಿಟ್ಟುಕೊಂಡರಂತೆ. ಇದನ್ನು ಹೇಳುವಾಗ ಗೌಡರು ಅಳುತ್ತಿದ್ದರು. ಮಾಸ್ತರು ಮಾತ್ರ ಪತ್ರಿಕೆಗೆ ಹಚ್ಚಿದ ಅರಿಶಿನವನ್ನೇ ನೋಡುತ್ತಾ ಕೂತಿದ್ದರು.

ಮದುವೆಗೆ ಇಬ್ಬರೂ ಹೋದೆವು. ಕ್ಯಾಮೆರಾ ನನ್ನ ಕೊರಳಲ್ಲಿ, ಮಾಸ್ತರು ಬರಿಗೈಯಲ್ಲಿ. ಅಕ್ಕಿಕಾಳು ಬಿದ್ದ ಮೇಲೆ ಮದುಮಕ್ಕಳನ್ನು ಕೂರಿಸಿ ನಾನು ಫೋಟೋ ತೆಗೆಯಲು ಹೋದಾಗ ನೀಲಮ್ಮ, "ಹನುಮೇಶಣ್ಣ, ತಡೀರಿ" ಅಂದಳು. ಜನರ ಹಿಂದೆ ನಿಂತಿದ್ದವರನ್ನು ಕರೆದಳು. "ಮಾಸ್ತರ, ಇವತ್ತು ನೀವ ತೆಗೀರಿ."

ಬೇಡ ಅನ್ನುತ್ತಾರೆ ಅಂದುಕೊಂಡೆ. ಬಂದು ನನ್ನ ಕೊರಳಿನಿಂದ ಕ್ಯಾಮೆರಾ ಇಸಿದುಕೊಂಡರು. ಅದನ್ನು ಅವರು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಹಿಡಿಯುವುದು ಹೇಗೆ, ಎಲ್ಲಿ ತಿರುವುವುದು, ಎರಡೇ ಮಾತಲ್ಲಿ ಹೇಳಿಕೊಟ್ಟೆ. ಕಣ್ಣಿಟ್ಟರು. ಅವರ ಹಳೆಯ ಕ್ಯಾಮೆರಾದ ಗಾಜಿನಲ್ಲಿ ಮನುಷ್ಯರು ತಲೆಕೆಳಗಾಗಿ ಕಾಣುತ್ತಿದ್ದರು. ಆಮೇಲೆ ಮೇಜಿನ ಮೇಲಿನ ನೆಗೆಟಿವ್‌ನಲ್ಲಿ ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ಕಾಣುತ್ತಿದ್ದರು. ಜೀವಮಾನವೆಲ್ಲ ಮುಖಗಳ ನಡುವೆಯೇ ಇದ್ದ ಮನುಷ್ಯ, ಲೆನ್ಸಿನ ಆಚೆಯ ಮುಖವನ್ನು ನೆಟ್ಟಗೆ, ಇದ್ದ ಹಾಗೆ ನೋಡುತ್ತಿದ್ದದ್ದು ಆಗಲೇ.

ಬೆರಳು ಬಟನ್ ಮೇಲಿತ್ತು, ಒತ್ತಲಿಲ್ಲ. ಮದುಮಗ ಬೆವರು ಒರೆಸಿಕೊಂಡ. ಹಿಂದೆ ಯಾರೋ ಕೆಮ್ಮಿದರು. ನೀಲಮ್ಮ ಅಲುಗಾಡದೆ ನೇರ ನೋಡುತ್ತಾ ಕೂತಿದ್ದಳು. ನಾನು ಹತ್ತಿರ ಹೋಗಿ ಮೆಲ್ಲಗೆ ಅಂದೆ, "ಒತ್ರಿ ಮಾಸ್ತರ, ಎಲ್ಲಾರೂ ಕಾಯಾಕತ್ಯಾರ."

ಅವರು ಕಣ್ಣು ತೆಗೆಯಲಿಲ್ಲ. "ತಡಿ ಹನುಮೇಶ" ಅಂದರು. "ಈ ಹುಡುಗೀನ ನಾ ದಿನಗಟ್ಟಲೆ ಕುಂತು ಅಳಿಸಿದ್ದೆ. ಒಂಚೂರು ನೋಡತೀನಿ."